ನನಾಯ್‌ಗೆ ಉಳಿದ ಒಂದೇ ಶಬ್ದ

ಬಕೋಲೊದ್ ಬಂದರಿನ ಹತ್ತಿರದ ಶಾಲೆಯಲ್ಲಿ ಅರಸೇಲಿ ನಾಲ್ಕನೇ ಕ್ಲಾಸಿನವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಅಕ್ಟೋಬರಿನ ಮುಖವಾಡದ ಹಬ್ಬ ಹತ್ತಿರ ಬಂತೆಂದರೆ ಒಂದು ಶಬ್ದದ ಕಾಟ ಅವಳಿಗೆ ತಪ್ಪಿದ್ದಲ್ಲ. ಆ ಊರಿನ ಮಾತಿನಲ್ಲಿ ಮಸ್ಕಾರಾ ಅಂದರೆ ಮುಖವಾಡ. ಇಂಗ್ಲಿಷಿನಲ್ಲಿ ಮಸ್ಕಾರಾ ಅಂದರೆ ಹೆಂಗಸರು ರೆಪ್ಪೆಗೂದಲಿಗೆ ಬಳಿದುಕೊಳ್ಳುವ ಕಪ್ಪು. ನಮ್ಮ ಕಡೆಯವರ ಕಿವಿಗೆ ಅದು ಮಸ್ಕಿರಿ ಅಂತ ಕೇಳಿಸಿದರೂ ಆಶ್ಚರ್ಯವಿಲ್ಲ, ಆ ಶಬ್ದ ಜನರಿಗೆ ಮಾಡುವುದೂ ಅದನ್ನೇ. ಅರಸೇಲಿ ಬೋರ್ಡಿನ ಮೇಲೆ ಎರಡನ್ನೂ ಬರೆದು, ಒಂದಕ್ಕೆ ಸಿ ಅಕ್ಷರ, ಇನ್ನೊಂದಕ್ಕೆ ಕೆ ಅಕ್ಷರ, ಸಿ ಇದ್ದರೆ ಕಣ್ಣಿಗೆ, ಕೆ ಇದ್ದರೆ ಮುಖಕ್ಕೆ ಎಂದು ಗಂಟಲು ಹರಿದುಕೊಳ್ಳುತ್ತಿದ್ದಳು.

"ಮ್ಯಾಮ್, ಬಾಯಲ್ಲಿ ಹೇಳಿದ್ರೆ ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ಎಂದು ಯಾವುದಾದರೂ ಒಂದು ತರಲೆ ಕೇಳದೆ ಬಿಡುತ್ತಿರಲಿಲ್ಲ.

"ಹಿಂದೆ ಮುಂದೆ ಏನು ಮಾತಿದೆ ನೋಡ್ಕೊಂಡು ಅರ್ಥ ಮಾಡ್ಕೋಬೇಕಪ್ಪ," ಅನ್ನುತ್ತಿದ್ದಳು ಅವಳು. ಆ ಉತ್ತರ ಅವಳಿಗೇ ಬಹಳ ಮೆಚ್ಚುಗೆಯಾಗಿತ್ತು. ಹಿಂದೆ ಮುಂದೆ ಏನೂ ಇಲ್ಲದೆ ಆ ಶಬ್ದವೊಂದೇ ಮನೆಗೆ ಬಂದು ಕೂತರೆ ಏನು ಗತಿ ಎಂದು ಆಗ ಯೋಚಿಸಿರಲಿಲ್ಲ.

ಅವಳ ತಾಯಿ ಇಲುಮಿನಾದಾ ಗಂಡ ಸತ್ತ ಮೇಲೆ ಮನೆಮನೆಗೆ ತಿರುಗಿ ಪೌಡರು, ಲಿಪ್‌ಸ್ಟಿಕ್ಕು, ಕಣ್ಣಿನ ಕಪ್ಪು ಮಾರಿ ಮಗಳನ್ನು ಓದಿಸಿದವಳು. ಮಾತೇ ಅವಳ ಬಂಡವಾಳ. ಅವಳು ಬಾಯಿ ತೆರೆದರೆ ಎದುರಿಗಿದ್ದವಳು ತನ್ನ ಮುಖದಲ್ಲಿ ಇಲ್ಲದ ಚಂದವನ್ನೆಲ್ಲ ನಂಬಿಬಿಡಬೇಕು, ಹಾಗೆ ಮಾತಾಡುವಳು. ಒಂದು ದಿನ ಬೆಳಗ್ಗೆ ಅರಸೇಲಿ ಧೈರ್ಯ ಮಾಡಿ ಅವಳ ಮುಂದೆ ವಿಷಯ ಎತ್ತಿದಳು. ಐಸ್ ಕಾರ್ಖಾನೆಯ ಎಲೆಉತೇರಿಯೊ, ಎಲ್ಲರ ಬಾಯಲ್ಲಿ ತೆರ್ಯೊ, ತನ್ನನ್ನು ಮದುವೆಯಾಗಲು ಕೇಳಿದ್ದಾನೆ. ಮದುವೆಯಾದರೆ ನೀರಿನ ಆಚೆ ದಡದ ಇಲೋಯ್ಲೊಗೆ, ಅವನ ತಾಯಿಯ ಮನೆಗೆ ಹೋಗಬೇಕಾಗುತ್ತದೆ. ನಿನ್ನ ಮನಸ್ಸಿಗೆ ಏನನ್ನಿಸುತ್ತದೆ?

ಇಲುಮಿನಾದಾ ಚೀಲದ ಜಿಪ್ಪು ಎಳೆಯುತ್ತಾ, "ಅವಸರದ ಮಾತಲ್ಲ ಇದು ಇಂದಾಯ್, ನನ್ನ ಮಗಳೇ. ಒಂದು ಸುತ್ತು ಹೋಗ್ಬರ್ತೀನಿ. ಬಂದು ಹೇಳ್ತೀನಿ," ಅಂದಳು.

ಬಂದು ಹೇಳಲಿಲ್ಲ. ಹಿಂದಿನ ಬೀದಿಯಲ್ಲಿ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತು, ರೆಪ್ಪೆಗೆ ಬ್ರಷ್ಷನ್ನು ಹೇಗೆ ಕೆಳಗಿನಿಂದ ಮೇಲಕ್ಕೆ ಎಳೆಯಬೇಕು ಎಂದು ತೋರಿಸುತ್ತಿದ್ದಾಗ ಬ್ರಷ್ಷು ಕೈಯಿಂದ ಜಾರಿತು. ಹಿಂದೆಯೇ ಅವಳೂ ಬಿದ್ದಳು. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮನೆಗೆ ಬಂದಾಗ ಬಲಗೈ, ಬಲಗಾಲು ಸತ್ತಿದ್ದವು. ಅಷ್ಟು ದೊಡ್ಡ ಮಾತಿನ ಸಂತೆಯಲ್ಲಿ ಒಂದೇ ಒಂದು ಶಬ್ದ ಉಳಿದಿತ್ತು.

"ಮಸ್ಕಾರಾ," ಅಂದಳು ಮನೆಯ ಬಾಗಿಲು ನೋಡಿ.

ಡಾಕ್ಟರು ಹೇಳಿದ್ದು ಇಷ್ಟು: ಮಿದುಳಿನಲ್ಲಿ ಮಾತಿನ ಜಾಗಕ್ಕೆ ಪೆಟ್ಟು ಬಿದ್ದಿದೆ, ಕೆಲವರಿಗೆ ಹೀಗೆ ಒಂದು ಶಬ್ದ ಸಿಕ್ಕಿಕೊಂಡುಬಿಡುತ್ತದೆ, ಅದಕ್ಕೆ ಅರ್ಥ ಇರಬಹುದು, ಇಲ್ಲದಿರಬಹುದು. ತಲೆಯಾಡಿಸಿ ಹೌದು ಇಲ್ಲ ಅನ್ನಲಿ ಅಂದರೆ ಅದೂ ಕಲಸುಮೇಲೋಗರ. ಹಸಿವಾಗಿದೆಯಾ ಅಂದರೆ ಹೌದೆಂದು ತಲೆ ಆಡಿಸಿದಳು. ಹೊಟ್ಟೆ ತುಂಬಿದೆಯಾ ಅಂದರೂ ಹೌದು. ರೇಗಿದ ಅವಳ ತಂಗಿ, ಅರಸೇಲಿ ತಿಯಾ ಎಂದು ಕರೆಯುವ ಚಿಕ್ಕಮ್ಮ ಕೊನ್ಸಿಂಗ್, "ಮನಾಂಗ್, ಅಕ್ಕಾ, ನೀನು ಎಮ್ಮೆನಾ?" ಎಂದು ಕೇಳಿದಳು. ಅದಕ್ಕೂ ಗಂಭೀರವಾಗಿ ಹೌದು.

ಅರಸೇಲಿಗೆ ಬೇಕಾಗಿದ್ದದ್ದು ಒಂದು ಉತ್ತರ. ನೀವು ನಗಬಹುದು, ಮೂವತ್ತೇಳಾದವಳು ತನ್ನ ಮದುವೆಗೆ ಅಮ್ಮನ ಅಪ್ಪಣೆ ಕಾಯುತ್ತ ಕೂರಬೇಕೇ ಎಂದು. ಆದರೆ ಅಲ್ಲಿ ಗಂಡಿನ ಕಡೆಯವರು ಅಡುಗೆ ಹೊತ್ತುಕೊಂಡು ಹೆಣ್ಣಿನ ಮನೆಗೆ ಬಂದು ಕೇಳಬೇಕು, ಹೆತ್ತವರ ಬಾಯಿಂದ ಹೂಂ ಅನ್ನಿಸಿಕೊಳ್ಳಬೇಕು. ಅದಲ್ಲದೆ ಇವಳು ಚಪ್ಪಲಿ ಕೊಳ್ಳುವಾಗಲೂ ಅಮ್ಮನ ಮುಖ ನೋಡುತ್ತಿದ್ದ ಹುಡುಗಿ. ಅಮ್ಮ ಬೇಡ ಅಂದರೆ ತೆರ್ಯೊ ಬೇಡ, ಹೂಂ ಅಂದರೆ ಹೂಂ, ಮನಸ್ಸಿನಲ್ಲಿ ಅಷ್ಟೇ ಇತ್ತು. ಹೀಗಾಗಿ ಒಂದು ಮಧ್ಯಾಹ್ನ ಅಮ್ಮನ ಎದುರು ಮೊಣಕಾಲೂರಿ, "ನನಾಯ್, ಅವತ್ತು ಕೇಳಿದ್ನಲ್ಲ, ತೆರ್ಯೊ ವಿಷಯ. ಏನಂತೀಯಾ?" ಎಂದು ಕೇಳಿದಳು.

ಇಲುಮಿನಾದಾ ಮಗಳ ಮುಖವನ್ನು ನೋಡಿದಳು. ತುಟಿ ಸೊಟ್ಟಗೆ ಅಲುಗಿತು.

"ಮಸ್ಕಾರಾ."

ಅಡುಗೆಮನೆಯಲ್ಲಿ ಮೀನು ಸವರುತ್ತಿದ್ದ ತಿಯಾ ಕೊನ್ಸಿಂಗ್ ಚಾಕು ಹಿಡಿದುಕೊಂಡೇ ಓಡಿಬಂದಳು. "ಕೇಳಿದ್ಯಾ? ಕಿವಿಯಾರೆ ಕೇಳಿದ್ಯಾ? ಮುಖವಾಡ ಅಂತಿದಾಳೆ! ಆ ಗಂಡಸಿನ ಮುಖ ಯಾವತ್ತಾದ್ರೂ ಸರಿಯಾಗಿ ನೋಡಿದೀಯಾ? ಬೈದ್ರೂ ಹಲ್ಲು ಕಿರೀತಾನೆ, ಹೊಗಳಿದ್ರೂ ಹಲ್ಲು ಕಿರೀತಾನೆ. ಮೊನ್ನೆ ಐಸ್ ಗಡ್ಡೆ ಕಾಲ ಮೇಲೆ ಬಿತ್ತು, ಆಗ್ಲೂ ಹಲ್ಲು! ಹಬ್ಬದಲ್ಲಿ ಕುಣೀತವಲ್ಲ ನಗೋ ಮುಖವಾಡ, ಥೇಟ್ ಅದೇ. ಒಳಗೇನಿದೆ ಯಾರಿಗ್ಗೊತ್ತು? ನಿಮ್ಮಮ್ಮಂಗೆ ಗೊತ್ತು!"

ತಿಯಾ ಕೊನ್ಸಿಂಗ್ ಕೆಟ್ಟವಳಲ್ಲ. ಅರಸೇಲಿ ಹೋದರೆ ಅಕ್ಕನ ಎತ್ತುವುದು ಇಳಿಸುವುದು, ತೊಳೆಯುವುದು ಬಳಿಯುವುದು ಎಲ್ಲ ತನ್ನ ಕುತ್ತಿಗೆಗೆ ಬೀಳುತ್ತದೆ ಎಂಬ ಹೆದರಿಕೆ ಅವಳಿಗೆ. ಹೆದರಿಕೆ ಇರುವವರಿಗೆ ಎಲ್ಲದರಲ್ಲೂ ಅವರಿಗೆ ಬೇಕಾದ ಅರ್ಥವೇ ಕಾಣುತ್ತದೆ.

ಪಕ್ಕದ ಬ್ಯೂಟಿ ಪಾರ್ಲರಿನ ಚಾರ್ಮೈನ್‌ಗೆ ಕಂಡದ್ದು ಬೇರೆ. ಚಾರ್ಮೈನ್‌ಗೆ ಹುಟ್ಟಿದಾಗ ಇಟ್ಟ ಹೆಸರು ಡೊಮಿಂಗೊ. ಆ ಹೆಸರಲ್ಲಿ ಕೂಗಿದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಇಲುಮಿನಾದಾಳಿಂದಲೇ ಕಸುಬು ಕಲಿತವಳಾದ್ದರಿಂದ ಆ ಮನೆಯಲ್ಲಿ ಅವಳಿಗೆ ಮಗಳಷ್ಟೇ ಸಲಿಗೆ.

"ಅಯ್ಯೋ ನನ್ನ ಪೆದ್ದೀ!" ಎಂದು ಅವಳು ಅರಸೇಲಿಯ ಕೆನ್ನೆ ಹಿಂಡಿದಳು. "ಮದುವೆ ಅಂದ ಕೂಡ್ಲೆ ನಿಮ್ಮಮ್ಮ ಮಸ್ಕಾರಾ ಅಂದ್ರೆ ಇನ್ನೇನೇ? ಕಣ್ಣಿಗೆ ಕಪ್ಪು ಹಚ್ಕೋ, ಅಲಂಕಾರ ಮಾಡ್ಕೋ, ಮದುಮಗಳಾಗು ಅಂತ! ಇಡೀ ಜೀವನ ಅದನ್ನೇ ಮಾರಿದ ಹೆಂಗಸು. ಮುಖವಾಡವಂತೆ ಮುಖವಾಡ. ನಿಮ್ಮ ತಿಯಾ ಮುಖ ನೋಡಿ ಅಂದಿರ್ಬೇಕು."

"ಏನಂದೆ?" ತಿಯಾ ಚಾಕು ಎತ್ತಿದಳು.

"ಮೀನು ಸವರಿ ತಿಯಾ, ಮೀನು."

ಅರಸೇಲಿಯ ತಲೆ ಮೊಸರುಗಡಿಗೆಯಾಯಿತು. ಸಿ ಅಕ್ಷರವಾದರೆ ಮದುವೆ, ಕೆ ಅಕ್ಷರವಾದರೆ ಇಲ್ಲ. ಬಾಯಿಂದ ಬಿದ್ದ ಶಬ್ದಕ್ಕೆ ಸ್ಪೆಲ್ಲಿಂಗ್ ಯಾರನ್ನು ಕೇಳುವುದು? ಕೊನೆಗೆ ಮೇಷ್ಟರಿಕೆಯ ಬುದ್ಧಿ ಓಡಿಸಿ ಒಂದು ಪರೀಕ್ಷೆ ಮಾಡಿದಳು. ಒಂದು ಕೈಯಲ್ಲಿ ಹಬ್ಬದ ನಗುವ ಮುಖವಾಡ, ಇನ್ನೊಂದು ಕೈಯಲ್ಲಿ ಕಣ್ಣಿನ ಕಪ್ಪಿನ ಸಣ್ಣ ಕೊಳವೆ ಹಿಡಿದು ಅಮ್ಮನ ಮುಂದೆ ನಿಂತಳು. ಒಂದು ಪಕ್ಕದಲ್ಲಿ ತಿಯಾ, ಒಂದು ಪಕ್ಕದಲ್ಲಿ ಚಾರ್ಮೈನ್, ಕೋಳಿಪಂದ್ಯಕ್ಕೆ ಬಂದವರ ಹಾಗೆ ಉಸಿರು ಬಿಗಿಹಿಡಿದಿದ್ದರು.

"ಯಾವ ಮಸ್ಕಾರಾ ನನಾಯ್? ಇದಾ, ಇದಾ?"

"ಮಸ್ಕಾರಾ!" ಇಲುಮಿನಾದಾ ಎಡಗೈಯಿಂದ ಮುಖವಾಡವನ್ನು ತಳ್ಳಿದಳು.

"ನೋಡಿದ್ರಾ!" ಚಾರ್ಮೈನ್ ಚಪ್ಪಾಳೆ ತಟ್ಟಿದಳು.

ಇಲುಮಿನಾದಾ ಕೊಳವೆಯನ್ನೂ ಕಿತ್ತು ಎಸೆದಳು. "ಮಸ್ಕಾರಾ! ಮಸ್ಕಾರಾ!" ಕಣ್ಣಲ್ಲಿ ನೀರು ಬಂದಿತ್ತು. ಎಡಗೈ ಕೆಳಗೆ ಕೆಳಗೆ ಹೊಡೆದುಕೊಳ್ಳುತ್ತಿತ್ತು. ಆಗ ಅರಸೇಲಿ ಬಗ್ಗಿ ನೋಡಿದರೆ, ಅಮ್ಮನ ಎಡಗಾಲಿಗೆ ಕೆಂಪಿರುವೆ ಸಾಲುಗಟ್ಟಿ ಹತ್ತುತ್ತಿವೆ. ಮೂರು ಜನ ವಿದ್ವಾಂಸರು ಮುಖ ನೋಡಿಕೊಂಡು ನಿಂತಿದ್ದಾರೆ, ಪಾಪ, ಆ ಹೆಂಗಸನ್ನು ಇರುವೆ ತಿನ್ನುತ್ತಿದೆ. ಅರಸೇಲಿ ಆ ಕಾಲನ್ನು ನೀರಲ್ಲಿ ತೊಳೆಯುತ್ತಾ ಅತ್ತಳು.

ಅಲ್ಲಿಂದ ಅವಳು ಶಬ್ದ ಬಿಟ್ಟು ರಾಗ ಹಿಡಿದಳು. ಕೊನೆ ಮೇಲಕ್ಕೆ ಹೋದರೆ ಹಸಿವು. ಮೊದಲ ಅಕ್ಷರಕ್ಕೆ ಒತ್ತು ಬಿದ್ದರೆ ಸಿಟ್ಟು. ಸಂಜೆ ಜಪಸರ ಎಡಗೈಗೆ ಕೊಟ್ಟರೆ ಮಸ್ಕಾರಾ ಮಸ್ಕಾರಾ ಎಂದು ಮೇರಿಮಾತೆಯ ಜಪವನ್ನು ಒಂದು ಮಣಿಯೂ ತಪ್ಪದೆ ಅದರ ಧಾಟಿಯಲ್ಲೇ ಮುಗಿಸುತ್ತಿದ್ದಳು. "ದೇವರ ತಾಯೀನ ಕಣ್ಣಿನ ಕಪ್ಪು ಅಂತ ಕರೀತಿದಾಳಲ್ಲಪ್ಪ!" ಎಂದು ತಿಯಾ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದಳು. ಶಾಲೆಯಿಂದ ಬಂದ ಅರಸೇಲಿ ಬಾಗಿಲಲ್ಲೇ ನಿಂತು ಒಳಗಿನ ಮಸ್ಕಾರಾ ಕೇಳಿ, "ತಿಯಾ, ಫ್ಯಾನ್ ಹಾಕು, ಸೆಕೆ ಅಂತಿದಾಳೆ," ಅನ್ನುವಷ್ಟು ಪಳಗಿದಳು. ಬೀದಿಯ ಹೆಂಗಸರು ಬೆರಗಾದರು. ಅವಳಿಗೂ ಒಳಗೊಳಗೆ ಹೆಮ್ಮೆ. ಇಡೀ ಭೂಮಿಯ ಮೇಲೆ ಆ ಭಾಷೆ ಬಲ್ಲವಳು ತಾನೊಬ್ಬಳೇ ಎಂದು. ಆದರೆ ತೆರ್ಯೊನ ಮಾತೆತ್ತಿದಾಗ ಬರುವ ಮಸ್ಕಾರಾ ಮಾತ್ರ ಯಾವ ರಾಗಕ್ಕೂ ಕೂಡುತ್ತಿರಲಿಲ್ಲ. ಒಂದು ದಿನ ಮೇಲೆ, ಒಂದು ದಿನ ಕೆಳಗೆ.

ತೆರ್ಯೊ ಕಾದ. ನಗುತ್ತಲೇ ಕಾದ. "ನನಾಯ್‌ನೂ ಕರ್ಕೊಂಡೇ ಹೋಗೋಣ ಬಿಡು. ನಮ್ಮನೇಲಿ ಜಾಗ ಇದೆ," ಅಂದ.

"ಬರ್ತೀನಿ ಅಂತ ಅವಳು ಹೇಳ್ಬೇಕಲ್ಲ? ಹುಟ್ಟಿದೂರಿಂದ ಅವಳನ್ನ ಮೂಟೆ ಥರ ಎತ್ತಾಕ್ಕೊಂಡು ಹೋಗ್ಲಾ?"

"ಸರಿ, ಅವಳು ಹೇಳೋದು ಬಿಡು. ನೀನೇನಂತೀಯಾ?"

"ಅವಳೇನಂತಾಳೋ ಗೊತ್ತಾಗ್ದೆ ನಾನೇನು ಹೇಳ್ಲಿ?" ಅಂದಳು ಅರಸೇಲಿ. ಅವನು ಹಲ್ಲು ಬಿಟ್ಟ. ಆ ನಗು ನೋಡಿ ಅವಳಿಗೆ ಮೊದಲ ಸಲ ತಿಯಾಳ ಮಾತು ನೆನಪಾಯಿತು.

ಕೊನೆಗೆ ಅವನ ತಾಯಿ ಬಸಿಲಿಸಾಳ ತಾಳ್ಮೆ ಮುಗಿಯಿತು. ಬರುವ ಭಾನುವಾರ ಪೂಜೆ ಮುಗಿಸಿ ಬರುತ್ತೇವೆ, ಹೌದಾದರೆ ಹೌದು, ಇಲ್ಲವಾದರೆ ಇಲ್ಲ, ನನ್ನ ಮಗನಿಗೂ ವಯಸ್ಸಾಗುತ್ತಿದೆ ಎಂದು ಹೇಳಿಕಳಿಸಿದಳು. ಆ ಭಾನುವಾರ ದೋಣಿಯಿಳಿದು ಬಂದೇಬಿಟ್ಟರು. ಕೆಂಡದ ಮೇಲೆ ಸುಟ್ಟ ಕೋಳಿ, ತಟ್ಟೆ ತುಂಬ ಶಾವಿಗೆ, ಬೆಲ್ಲ ತುಂಬಿದ ಪಿಯಾಯಾ ರೊಟ್ಟಿ, ಎಲ್ಲ ಮೇಜಿನ ಮೇಲೆ ಹರಡಿದರು. ತೆರ್ಯೊ ಗಂಜಿ ಹಾಕಿದ ಬಿಳಿ ಅಂಗಿಯಲ್ಲಿ ಬೆವರುತ್ತಾ ಕೂತ. ಚಾರ್ಮೈನ್ ಇಲುಮಿನಾದಾಳಿಗೆ ನೀಲಿ ಉಡುಪು ತೊಡಿಸಿ, ರೆಪ್ಪೆಗೆ ಒಂದಿಷ್ಟು ಕಪ್ಪನ್ನೂ ಹಚ್ಚಿ ನಡುವೆ ಕೂರಿಸಿದ್ದಳು.

ಬಸಿಲಿಸಾ ಗಂಟಲು ಸರಿಮಾಡಿಕೊಂಡಳು. "ಮನಾಂಗ್, ನಾವು ದೊಡ್ಡ ಜನ ಅಲ್ಲ. ನನ್ನ ಮಗ ಕುಡಿಯಲ್ಲ, ಕೋಳಿಪಂದ್ಯಕ್ಕೆ ಹೋಗಲ್ಲ, ಸ್ವಲ್ಪ ಜಾಸ್ತಿ ನಗ್ತಾನೆ ಅಷ್ಟೇ. ಅವರಪ್ಪನೂ ಹಾಗೇ ಇದ್ದ. ನಿಮ್ಮ ಮಗಳನ್ನ ನಮ್ಮನೆಗೆ ಕೊಡ್ತೀರಾ?"

ಇಲುಮಿನಾದಾ ಮಗಳ ಕಡೆ ತಿರುಗಿದಳು.

"ಮಸ್ಕಾ... ರಾ..."

ಶಬ್ದ ಉದ್ದಕ್ಕೆ ಎಳೆದುಕೊಂಡು, ಕೊನೆಯಲ್ಲಿ ನಡುಗಿ ಕೆಳಗಿಳಿಯಿತು. ಇದರ ಅರ್ಥ ಗೊತ್ತಾಯಿತು ಅರಸೇಲಿಗೆ. ಹೋಗಬೇಡ ಅನ್ನುತ್ತಿದ್ದಾಳೆ. ನೀನು ಹೋದರೆ ನನ್ನ ಮಾತು ಯಾರಿಗೆ ತಿಳಿಯುತ್ತೆ ಅನ್ನುತ್ತಿದ್ದಾಳೆ. ಇನ್ನೇನಿದ್ದೀತು ಆ ನಡುಕದಲ್ಲಿ?

"ಏನಂದ್ರು?" ಬಸಿಲಿಸಾ ಸುತ್ತ ನೋಡಿದಳು.

"ಮುಖವಾಡ ಅಂದ್ಳು," ತಿಯಾ ಕೊನ್ಸಿಂಗ್ ಪಟ್ಟನೆ ಹೇಳಿದಳು. "ತಪ್ಪು ತಿಳೀಬೇಡಿ. ನಮ್ಮಕ್ಕ ಇದ್ದದ್ದು ಇದ್ದ ಹಾಗೆ ಹೇಳೋಳು."

"ರೀ, ಸುಮ್ನಿರಿ! ಅಲಂಕಾರ ಮಾಡ್ಕೊಳ್ಳಿ ಮದುಮಗಳು ಅಂದ್ರು ಮೇಡಂ, ಅದು ಕಣ್ಣಿಗೆ ಹಚ್ಚೋ ಮಸ್ಕಾರಾ," ಎಂದು ಚಾರ್ಮೈನ್ ನುಗ್ಗಿದಳು.

"ಯಾರ ಮುಖವಾಡ? ನನ್ನ ಮಗನ ಮುಖಕ್ಕೇನಾಗಿದೆ?"

"ಮುಖಕ್ಕಲ್ಲ, ಕಣ್ಣಿಗೆ!"

"ಕಣ್ಣಿಗೇನಾಗಿದೆ?"

"ಅಯ್ಯೋ, ಒಬ್ರಾದ್ರೂ ಸರಿಯಾಗಿ ಹೇಳ್ರಪ್ಪ!" ಬಸಿಲಿಸಾ ಬೀಸಣಿಗೆಯಿಂದ ಮೇಜು ಕುಟ್ಟಿದಳು. "ಹೂಂ ಅಂದ್ರೋ, ಊಹೂಂ ಅಂದ್ರೋ? ಮಗಳೇ, ನಿಂಗೆ ಅವರ ಮಾತು ಬರುತ್ತಂತಲ್ಲ, ನೀನೇ ಹೇಳು."

ಎಲ್ಲರೂ ಅರಸೇಲಿಯನ್ನು ನೋಡಿದರು. ತೆರ್ಯೊ ನೋಡಿದ. ಅವಳು ಸುಳ್ಳು ಹೇಳಿಬಿಡಬಹುದಿತ್ತು, ಹೂಂ ಅಂದಳು ಎಂದು. ಯಾರು ಕೇಳುತ್ತಿದ್ದರು?

"ಬೇಡ ಅಂದ್ಳು," ಅಂದಳು ಅರಸೇಲಿ. "ಹೋಗ್ಬೇಡ ಅಂದ್ಳು."

ತೆರ್ಯೊನ ನಗು ಹೋಯಿತು. ಆ ಮುಖ ನಗುವಿಲ್ಲದೆ ಹೇಗಿರುತ್ತದೆ ಎಂದು ಅವಳು ನೋಡಿರಲೇ ಇಲ್ಲ. ಅಡಿಯಲ್ಲಿ ಕಪಟ ಏನೂ ಇರಲಿಲ್ಲ. ಪೆಟ್ಟು ತಿಂದ ಒಬ್ಬ ನಡುವಯಸ್ಸಿನ ಗಂಡಸಿನ ಸಪ್ಪೆ ಮುಖ ಇತ್ತು. ಅವನು ಎದ್ದು ಟೋಪಿ ಹುಡುಕತೊಡಗಿದ. ಟೋಪಿ ಅವನ ಕೈಯಲ್ಲೇ ಇತ್ತು.

"ಮಸ್ಕಾ... ರಾ..." ಇಲುಮಿನಾದಾ ಮತ್ತೆ ಎಳೆದಳು. ಅದೇ ರಾಗ, ಅದೇ ನಡುಕ, ಇನ್ನಷ್ಟು ಅವಸರ.

"ಅಯ್ಯೋ ನಿಮ್ಮನೆ ಕಾಯ್ವಾಗ!" ಎಂದು ತಿಯಾ ಕೊನ್ಸಿಂಗ್ ಕುರ್ಚಿ ತಳ್ಳಿ ಎದ್ದಳು. "ಅವಳಿಗೆ ಒಂದಕ್ಕೆ ಬಂದಿದೆ ಕಣ್ರೇ! ಬೆಳಗ್ಗೆಯಿಂದ ಎಳನೀರು ಕುಡ್ಸಿದೀರಿ. ಸರಿಯೋ, ದಾರಿ ಬಿಡೋ!" ಗಾಲಿಕುರ್ಚಿಯನ್ನು ತಿರುಗಿಸಿ, ತೆರ್ಯೊನ ಕಾಲ ಮೇಲೆ ಹತ್ತಿಸಿಕೊಂಡೇ ಬಚ್ಚಲಿಗೆ ಓಡಿದಳು.

ಮನೆ ಚಿಕ್ಕದು, ಗೋಡೆ ಬಿದಿರಿನದು. ಒಳಗಿನ ಸದ್ದು ಹೊರಗೆ ಕೂತವರಿಗೆಲ್ಲ ಸ್ಪಷ್ಟವಾಗಿ ಕೇಳಿಸಿತು. ಬಹಳ ಹೊತ್ತು ಕೇಳಿಸಿತು. ಕೊನೆಗೊಂದು ಸುಖದ ನಿಟ್ಟುಸಿರು, ಅದರ ಹಿಂದೆ ಹಗುರಾದ ಒಂದು "ಮಸ್ಕಾರಾ."

"ಹೂಂ ಹೂಂ, ಗೊತ್ತಾಯ್ತು ಮನಾಂಗ್," ಎಂದು ತಿಯಾಳ ದನಿ. "ನಾನಿದೀನಲ್ಲ, ಸತ್ತಿಲ್ವಲ್ಲ. ಕೈ ಹಾಕು ನನ್ನ ಹೆಗಲಿಗೆ. ಹಾಂ, ಹಾಗೆ."

ಅರಸೇಲಿ ನಿಂತಲ್ಲೇ ಬೆವರಿದಳು. ನಾಚಿಕೆಯೋ, ಗಾಬರಿಯೋ, ನಗುವೋ ಅವಳಿಗೇ ತಿಳಿಯಲಿಲ್ಲ. ಹೋಗಬೇಡ ಎಂದು ಅಷ್ಟು ಸ್ಪಷ್ಟವಾಗಿ ಕೇಳಿಸಿತ್ತಲ್ಲ? ನಡುಗಿದ್ದು ಅಮ್ಮನ ದನಿಯೇ ತಾನೇ? ಹಾಗಾದರೆ ಹಸಿವು, ಸೆಕೆ, ಸಿಟ್ಟು ಎಂದು ತಾನು ಇಷ್ಟು ದಿನ ಓದಿದ್ದರಲ್ಲಿ ಅಮ್ಮನದೆಷ್ಟು, ತನ್ನದೆಷ್ಟು? ಹೋಗಬೇಡ ಅಂದದ್ದು ಯಾರು?

ಗಾಲಿಕುರ್ಚಿ ವಾಪಸ್ಸು ಬಂತು. ಇಲುಮಿನಾದಾ ಪ್ರಸನ್ನವಾಗಿದ್ದಳು. ಟೋಪಿ ಹಿಡಿದು ಬಾಗಿಲಲ್ಲಿ ನಿಂತ ತೆರ್ಯೊನನ್ನು ಕಂಡು ಹುಬ್ಬು ಗಂಟಿಕ್ಕಿದಳು. "ಮಸ್ಕಾರಾ?" ಎಂದು ಗದರಿ, ಎಡಗೈ ಚಾಚಿ ಒಂದು ಕೋಳಿಕಾಲು ಎತ್ತಿ ಅವನ ಖಾಲಿ ತಟ್ಟೆಗೆ ಹಾಕಿದಳು.

ತೆರ್ಯೊ ಬಾಗಿಲು ನೋಡಿದ, ತಟ್ಟೆ ನೋಡಿದ.

"ಈಗೇನಂದ್ರು?" ಬಸಿಲಿಸಾ ಸೋತ ದನಿಯಲ್ಲಿ ಕೇಳಿದಳು. "ಅಳಿಯ ಅಂತ ಬಡಿಸಿದ್ರೋ, ಹೋಗೋ ಮುಂಚೆ ಉಂಡು ಹೋಗು ಅಂತ ಬಡಿಸಿದ್ರೋ?"

ತಿಯಾ ಬಾಯಿ ತೆರೆದಳು. ಚಾರ್ಮೈನೂ ತೆರೆದಳು.

"ಗೊತ್ತಿಲ್ಲ," ಅಂದಳು ಅರಸೇಲಿ, ಇಬ್ಬರಿಗಿಂತ ಮೊದಲು. "ನನಾಯ್ ಏನಂತಾಳೋ ನಂಗೆ ನಿಜವಾಗ್ಲೂ ಗೊತ್ತಿಲ್ಲ. ಬೇಡ ಅಂದ್ಳು ಅಂತ ಹೇಳಿದ್ನಲ್ಲ, ಅದು ಅವಳ ಮಾತಲ್ಲ. ನನ್ನ ಹೆದರಿಕೆ. ಅವಳ ಬಾಯಿಗೆ ತುರುಕಿಬಿಟ್ಟೆ." ಅವಳು ಬಸಿಲಿಸಾಳ ಕಡೆ ತಿರುಗಿದಳು. "ನನ್ನದು ಕೇಳಿ. ನಂಗೆ ತೆರ್ಯೊ ಬೇಕು."

ಹೇಳಿದ ಮೇಲೆ ಅವಳಿಗೆ ಗೊತ್ತಾಯಿತು, ಇದನ್ನು ತೆರ್ಯೊನಿಗೂ ತಾನು ಒಮ್ಮೆಯೂ ಹೇಳಿರಲಿಲ್ಲ. ಅವನು ಕೋಳಿಕಾಲಿನ ಮುಂದೆ ಧೊಪ್ಪನೆ ಕೂತುಬಿಟ್ಟ. ನಗಲಿಲ್ಲ. ಗಂಜಿ ಹಾಕಿದ ತೋಳಿನಿಂದ ಕಣ್ಣು ಒರೆಸಿಕೊಂಡ.

"ಮಸ್ಕಾರಾ," ಅಂದಳು ಇಲುಮಿನಾದಾ ಮಗಳನ್ನು ನೋಡುತ್ತ.

ಏನಂದಳು ಎಂದು ಯಾರೂ ಕೇಳಲಿಲ್ಲ. ಅರಸೇಲಿ ಅಮ್ಮನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ತಿಯಾ ಕೊನ್ಸಿಂಗ್ ಮೂಗು ಸೀಟಿಕೊಂಡು, "ತಣ್ಣಗಾಗುತ್ತೆ, ತಿನ್ನಿ," ಎಂದು ಶಾವಿಗೆ ಬಡಿಸತೊಡಗಿದಳು.